ಕಾಸರಗೋಡಿನ ಕೋಟೆ, ಕೆರೆ, ಕಾವು: ರಾತ್ರಿ ತಂಗುವ ಪ್ರವಾಸಕ್ಕೆ ಗುಂಪು ಕರೆದೊಯ್ಯುವ ಸರಿಯಾದ ಕ್ರಮ

ಅನಂತಪುರ ದೇವಸ್ಥಾನಕ್ಕೆ ಮಧ್ಯಾಹ್ನ ಒಂದಕ್ಕೆ ತಲುಪಿದೆವು, ನಡೆ ಮುಚ್ಚಿತ್ತು. ಬೇಕಲ ಕೋಟೆಯ ಟಿಕೆಟ್ ಕೌಂಟರ್ ನಮ್ಮೆದುರೇ ಬಂದ್ ಆಯ್ತು. ತೆಯ್ಯಂ (ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ) ನೋಡಲು ಹೋದರೆ ಬರೀ ಹಾಡು, ಬೇಸರ ಬಂದು ಒಂಬತ್ತಕ್ಕೇ ವಾಪಸ್ ಬಂದೆವು. ಮಂಗಳೂರು, ಪುತ್ತೂರು, ಬೆಂಗಳೂರಿನಿಂದ ಗುಂಪು ಕಟ್ಟಿಕೊಂಡು ಬಂದವರು ಹೇಳುವ ದೂರು ಯಾವಾಗಲೂ ಈ ಮೂರೇ.

ಕಾರಣವೂ ಒಂದೇ. ಎಲ್ಲರೂ ನಕ್ಷೆ ನೋಡಿ ಪ್ರವಾಸ ಹೂಡುತ್ತಾರೆ. ಉತ್ತರದಿಂದ ದಕ್ಷಿಣಕ್ಕೆ ಒಂದೊಂದೇ ಜಾಗಕ್ಕೆ ಗೆರೆ ಎಳೆಯುತ್ತಾರೆ. ಇಲ್ಲಿ ದೂರ ಲೆಕ್ಕಕ್ಕೇ ಇಲ್ಲ, ಕುಂಬಳೆಯಿಂದ ಕಾಞಂಗಾಡಿನವರೆಗೆ ಒಂದು ಬೆಳಗ್ಗೆಯಲ್ಲಿ ಹೋಗಿಬರಬಹುದು. ಲೆಕ್ಕಕ್ಕೆ ಬರುವುದು ಬಾಗಿಲು. ದೇವಸ್ಥಾನ ಮಧ್ಯಾಹ್ನ ಮುಚ್ಚುತ್ತದೆ, ಕೋಟೆ ಸಂಜೆ ಮುಚ್ಚುತ್ತದೆ, ದೈವ ಏಳುವುದು ನಡುರಾತ್ರಿ ಕಳೆದ ಮೇಲೆ. ಹಾಗಾಗಿ ಮುಂದಿನ ಹಂತಗಳನ್ನು ಬಾಗಿಲಿನ ಸಮಯ ಹಿಡಿದೇ ಜೋಡಿಸಿದ್ದೇನೆ. ಜಾಗ ಬೇಕಾದರೆ ಬದಲಾಯಿಸಿ, ಕ್ರಮ ಬದಲಾಯಿಸಬೇಡಿ.

ಹಂತ 1: ಮೊದಲು ರಾತ್ರಿ ಗೊತ್ತುಮಾಡಿ, ಆಮೇಲೆ ದಿನಾಂಕ

ಹೆಚ್ಚಿನವರು ಶನಿವಾರ–ಭಾನುವಾರ ಅಂತ ನಿಗದಿ ಮಾಡಿ, ರೂಮು ಬುಕ್ ಮಾಡಿ, ಕೊನೆಗೆ "ಅವತ್ತು ಎಲ್ಲಾದರೂ ತೆಯ್ಯಂ ಇದೆಯಾ?" ಅಂತ ಕೇಳುತ್ತಾರೆ. ಇದು ತಲೆಕೆಳಗು. ಕೋಟೆ ವರ್ಷವಿಡೀ ಅಲ್ಲೇ ಇರುತ್ತದೆ. ಕಳಿಯಾಟಕ್ಕೆ, ಅಂದರೆ ತೆಯ್ಯಂ ನಡೆಯುವ ಉತ್ಸವಕ್ಕೆ, ಅದರದ್ದೇ ದಿನ.

ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ತೆಯ್ಯಂ ಕಾಲ ಶುರುವಾಗುವುದು ತುಲಾ ತಿಂಗಳ ಹತ್ತಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ. ಮಳೆ ಹಿಡಿಯುವ ಹೊತ್ತಿಗೆ ಮುಗಿಯುತ್ತದೆ. ಹೊಳೆಯ ಉತ್ತರಕ್ಕೆ ತುಳುವರ ಕೋಲ, ನೇಮ. ಅವು ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ನಿಲ್ಲುತ್ತವೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬಂದರೆ ಎಲ್ಲಾದರೂ ಒಂದು ಸಿಕ್ಕೇ ಸಿಗುತ್ತದೆ.

ಹುಡುಕುವುದು ಹೇಗೆ? ಊರಿನ ಪತ್ರಿಕೆಯ ಸ್ಥಳೀಯ ಪುಟ, ರಸ್ತೆ ಬದಿಯ ಫ್ಲೆಕ್ಸ್, ಆಟೋ ಸ್ಟ್ಯಾಂಡ್. ಈ ಮೂರರಲ್ಲಿ ಆಟೋ ಸ್ಟ್ಯಾಂಡೇ ವಾಸಿ. ಕೇಳುವಾಗ "ತೆಯ್ಯಂ ಯಾವಾಗ?" ಅಂತ ಕೇಳಿದರೆ "ರಾತ್ರಿ" ಅಂತ ಉತ್ತರ ಬರುತ್ತದೆ, ಅದರಿಂದ ಏನೂ ಉಪಯೋಗವಿಲ್ಲ. ಯಾವ ದೈವದ ಪುರಪ್ಪಾಡು ಎಷ್ಟು ಗಂಟೆಗೆ ಅಂತ ಕೇಳಿ. ಪುರಪ್ಪಾಡು ಅಂದರೆ ಪೂರ್ತಿ ವೇಷ ಕಟ್ಟಿ ದೈವ ಅಂಗಳಕ್ಕೆ ಇಳಿಯುವ ಹೊತ್ತು. ನಿಮ್ಮ ಇಡೀ ಪ್ರವಾಸ ಆ ಒಂದು ಗಂಟೆಗೆ ಗಂಟು ಬೀಳುತ್ತದೆ.

ಜೂನ್‌ನಿಂದ ಅಕ್ಟೋಬರ್ ನಡುವೆ ಬರುವವರಿಗೆ ರಾತ್ರಿ ಕಾರ್ಯಕ್ರಮ ಇರುವುದಿಲ್ಲ. ದುಡ್ಡು ಕೊಟ್ಟು ಹೋಟೆಲಿನಲ್ಲಿ ಕುಣಿಸುವ "ತೆಯ್ಯಂ ಶೋ" ಬೇಡ. ಅದರ ಬದಲು ಎಲ್ಲಾದರೂ ತಾಳಮದ್ದಳೆ (ವೇಷವಿಲ್ಲದೆ ಕೂತು ಮಾಡುವ ಯಕ್ಷಗಾನ) ಇದ್ದರೆ ಹೋಗಿ ಕೂತುಕೊಳ್ಳಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು, ಮಳೆಗಾಲದಲ್ಲಿ ಅರ್ಥಗಾರಿಕೆಗೆ ಬರವಿಲ್ಲ.

ಹಂತ 2: ವಾಹನ, ಜನ, ಚೀಲ

ಹದಿನೈದು ಜನಕ್ಕಿಂತ ಜಾಸ್ತಿ ಬೇಡ. ಒಂದು ಟೆಂಪೋ ಟ್ರಾವೆಲರ್‌ನಲ್ಲಿ ಹಿಡಿಸುವಷ್ಟು ಸಾಕು. ಒಳದಾರಿಗಳಲ್ಲಿ ದೊಡ್ಡ ಬಸ್ಸು ಎದುರು ಬಂದರೆ ಹಿಂದೆ ಹೋಗಲೂ ಜಾಗ ಇರುವುದಿಲ್ಲ. ಬಾಡಿಗೆ ವಾಹನ ಕರ್ನಾಟಕದ್ದಾದರೆ ಕೇರಳದ ಪರ್ಮಿಟ್ ಮತ್ತು ತೆರಿಗೆ ಮೊದಲೇ ಕಟ್ಟಿಸಿ, ರಶೀದಿ ಡ್ರೈವರ್ ಕೈಯಲ್ಲಿರಲಿ. "ಗಡಿ ತಲಪಾಡಿಯಲ್ಲಿ ನೋಡಿಕೊಳ್ಳೋಣ" ಅಂತ ಹೊರಟರೆ ಬೆಳಗಿನ ದೇವಸ್ಥಾನದ ಸಮಯ ಅಲ್ಲೇ ಕರಗಿಹೋಗುತ್ತದೆ. ಹೊರಡುವ ಹಿಂದಿನ ರಾತ್ರಿ, ಮರುದಿನ ಹರತಾಳ ಇದೆಯಾ ಅಂತ ಒಮ್ಮೆ ವಿಚಾರಿಸಿ. ಕೇರಳದಲ್ಲಿ ಇದು ತಮಾಷೆಯ ಮಾತಲ್ಲ.

ಪ್ರತಿಯೊಬ್ಬರ ಬಳಿ ಇರಬೇಕಾದ್ದು: ಟಾರ್ಚು, ಕೊಡೆ, ನೀರಿನ ಬಾಟಲಿ, ಒಂದು ಪಂಚೆ ಅಥವಾ ಶಾಲು, ಸುಲಭವಾಗಿ ಬಿಚ್ಚಿ ಹಾಕುವ ಚಪ್ಪಲಿ, ಹತ್ತು–ಇಪ್ಪತ್ತರ ಚಿಲ್ಲರೆ ನೋಟು. ಲೇಸು ಕಟ್ಟುವ ಶೂ ಹಾಕಿಕೊಂಡು ಬಂದವರಿಂದ ಒಂದೊಂದು ಜಾಗದಲ್ಲೂ ತಡ. ಇಲ್ಲಿನ ದೇವಸ್ಥಾನಗಳಲ್ಲಿ ಒಳಾಂಗಣಕ್ಕೆ ಹೋಗುವಾಗ ಗಂಡಸರು ಅಂಗಿ ಬಿಚ್ಚುವುದು ಸಾಮಾನ್ಯ. ಬಿಗಿ ಟೀಶರ್ಟು, ಬರ್ಮುಡಾ ಬೇಡ ಅಂತ ಮೊದಲೇ ಹೇಳಿಬಿಡಿ. ಗುಂಪಿನಲ್ಲಿ ಬೇರೆ ಬೇರೆ ಧರ್ಮದವರಿದ್ದರೆ ಒಳಗೆ ಬಿಡುತ್ತಾರೋ ಇಲ್ಲವೋ ಅಂತ ಪ್ರತಿ ಕಡೆಯೂ ಫೋನ್ ಮಾಡಿ ಕೇಳಿಕೊಳ್ಳಿ. ಬಾಗಿಲಲ್ಲಿ ನಿಂತು ಒಬ್ಬರನ್ನು ಹೊರಗುಳಿಸುವುದು ಯಾರಿಗೂ ಚೆನ್ನಾಗಿರುವುದಿಲ್ಲ.

ಕರೆದೊಯ್ಯುವವರು ಇನ್ನೊಂದು ತಯಾರಿ ಮಾಡಿಕೊಳ್ಳಬೇಕು. ಒಂದು ಪುಸ್ತಕದಲ್ಲಿ ಪ್ರತಿ ಜಾಗಕ್ಕೆ ಎರಡು ಕಾಲಂ ಹಾಕಿ. ಒಂದರಲ್ಲಿ ದಾಖಲೆ ಇರುವುದು, ಇನ್ನೊಂದರಲ್ಲಿ ಊರವರು ಹೇಳುವುದು. ಎರಡನ್ನೂ ಹೇಳಿ, ಆದರೆ ಕಲಸಬೇಡಿ. ಬೇಕಲ ಕೋಟೆಯನ್ನು "ಟಿಪ್ಪು ಕಟ್ಟಿಸಿದ್ದು" ಅಂತ ಹೇಳುವ ಗೈಡುಗಳು ಈಗಲೂ ಇದ್ದಾರೆ. ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಹೈದರಾಲಿಯ ಕೈಗೆ ಬಂದದ್ದು 1763ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋದದ್ದು 1799ರಲ್ಲಿ.

ಹಂತ 3: ಮೊದಲ ದಿನ ಬೆಳಗ್ಗೆ – ಅನಂತಪುರ, ನಂತರ ಮಧೂರು

ಏಳೂವರೆ–ಎಂಟಕ್ಕೆ ಅನಂತಪುರದ ಕೆರೆ ದಂಡೆಯಲ್ಲಿರಬೇಕು. ಕುಂಬಳೆಯಿಂದ ಬದಿಯಡ್ಕ ರಸ್ತೆ ಹಿಡಿದು ನಾಯ್ಕಾಪು ದಾಟಿ ಒಳಗೆ ತಿರುಗಿ. ಹೆದ್ದಾರಿ ಅಗಲವಾದ ಮೇಲೆ ಒಂದು ಗೊತ್ತಿರಲಿ: ಕುಂಬಳೆಗೆ ಮೊದಲೇ ಸರ್ವಿಸ್ ರೋಡಿಗೆ ಇಳಿಯದಿದ್ದರೆ ಸುಮ್ನೆ ಮುಂದೆ ಹೋಗಿ ತಿರುಗಿ ಬರಬೇಕಾಗುತ್ತದೆ.

ಕೆಂಪು ಮುರಕಲ್ಲಿನ ಗುಡ್ಡದಿಂದ ಮೆಟ್ಟಿಲಿಳಿದರೆ ಚೌಕದ ಕೆರೆ, ನಡುವೆ ಗುಡಿ. ಜನ ನೇರ ಸೇತುವೆ ದಾಟಿ ಗುಡಿಗೆ ನುಗ್ಗುತ್ತಾರೆ. ನಿಲ್ಲಿಸಿ. ಮೊದಲು ಕೆರೆಯ ಮೂಲೆಯ ಗುಹೆಯ ಹತ್ತಿರ ಕರೆದುಕೊಂಡು ಹೋಗಿ, ಕತೆಯನ್ನು ಅಲ್ಲಿ ಹೇಳಿ. ಬಿಲ್ವಮಂಗಲ ಸ್ವಾಮಿ ತಪಸ್ಸಿನಲ್ಲಿದ್ದಾಗ ಒಬ್ಬ ಹುಡುಗ ಬಂದು ಸೇವೆಗೆ ನಿಂತ. ಒಂದು ದಿನ ಅವನ ತುಂಟಾಟ ಅತಿಯಾಯಿತು, ಸ್ವಾಮಿ ಕೈಯಲ್ಲಿ ದೂಡಿದರು. "ನನ್ನನ್ನು ನೋಡಬೇಕಾದರೆ ಅನಂತನ ಕಾಡಿಗೆ ಬಾ" ಅಂದವನೇ ಈ ಗುಹೆಯಲ್ಲಿ ಮರೆಯಾದ. ಗುಹೆ ತಿರುವನಂತಪುರದವರೆಗೆ ಹೋಗುತ್ತದೆ ಅಂತ ನಂಬಿಕೆ, ಅಲ್ಲಿನ ಪದ್ಮನಾಭನ ಮೂಲಸ್ಥಾನ ಇದು ಅಂತ. ಈ ಕತೆಯನ್ನು ವ್ಯಾನಿನ ಮೈಕಿನಲ್ಲಿ ಹೇಳಿದರೆ ಅರ್ಧ ಜನ ನಿದ್ದೆ ಮಾಡುತ್ತಾರೆ. ಗುಹೆಯ ಬಾಯಿ ಎದುರು ಹೇಳಿದರೆ ಮಕ್ಕಳು ಬಗ್ಗಿ ಬಗ್ಗಿ ನೋಡುತ್ತಾರೆ.

ಗುಡಿಯ ಮೂಲ ಮೂರ್ತಿ ಕಲ್ಲಿನದ್ದಲ್ಲ, ಕಡುಶರ್ಕರ ಪಾಕದ್ದು. ಹಲವು ಬಗೆಯ ವಸ್ತುಗಳನ್ನು ಸೇರಿಸಿ ಮಾಡುವ ಗಾರೆಯಂಥ ಪಾಕ ಅದು. ಅದಕ್ಕೇ ಅಂಥ ಮೂರ್ತಿಗೆ ನೀರಿನ ಅಭಿಷೇಕ ಇಲ್ಲ.

ಇನ್ನು ಮೊಸಳೆ. ಎಲ್ಲರೂ ಕೇಳುವುದು ಅದನ್ನೇ. ಈ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಹೋಯಿತು. 2023ರ ನವೆಂಬರ್‌ನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಕಾಣಿಸುತ್ತದೆ ಅಂತ ಮಾತು ಕೊಡಬೇಡಿ. ಯಾರಾದರೂ ನೀರಿಗೆ ಕಾಲಿಳಿಸಿ ಕೂತರೆ, ಮಕ್ಕಳು ಬಿಸ್ಕತ್ತು ಎಸೆದರೆ ತಕ್ಷಣ ಎಬ್ಬಿಸಿ. ಬಬಿಯಾ ಸಾಧುವಾಗಿತ್ತು ಅಂತ ಹೊಸತೂ ಹಾಗೇ ಇರಬೇಕೆಂದಿಲ್ಲ.

ಒಂಬತ್ತೂವರೆಗೆ ಹೊರಟುಬಿಡಿ. ಹೆದ್ದಾರಿಗೆ ವಾಪಸ್ ಬರಬೇಡಿ. ಸೀತಾಂಗೋಳಿ ಮೂಲಕ ಒಳದಾರಿಯಲ್ಲೇ ಮಧೂರಿಗೆ ಹೋಗಬಹುದು.

ಮಧೂರಿನಲ್ಲಿ ಮೊದಲ ಕೆಲಸ ಕೌಂಟರಿನಲ್ಲಿ ಅಪ್ಪ ಪ್ರಸಾದದ ರಶೀದಿ ಮಾಡಿಸುವುದು. ದರ್ಶನ ಮುಗಿಸಿ ಬಂದು ಸಾಲಿನಲ್ಲಿ ನಿಂತವರಿಗೆ ಅಪ್ಪ ಖಾಲಿ, ಅಥವಾ ಊಟದ ಹೊತ್ತು ಮೀರುತ್ತದೆ. ಆಮೇಲೆ ಹೊರಗೆ ಬಂದು ಗುಂಪನ್ನು ಗರ್ಭಗುಡಿಯ ಹಿಂಬದಿಗೆ ಕರೆದೊಯ್ಯಿರಿ. ಮೂರು ನೆಲೆಯ ಗಜಪೃಷ್ಠ ಅಂದರೆ ಏನು ಅಂತ ಎದುರಿನಿಂದ ಗೊತ್ತಾಗುವುದಿಲ್ಲ. ಹಿಂದಿನಿಂದ ನೋಡಿದರೆ ಗೋಡೆ ಆನೆಯ ಹಿಂಭಾಗದ ಹಾಗೆ ದುಂಡಗೆ ತಿರುಗಿರುವುದು ಕಾಣುತ್ತದೆ.

ಇಲ್ಲಿ ಮುಖ್ಯ ದೇವರು ಶಿವ, ಮದನಂತೇಶ್ವರ. ಹೆಸರಾದದ್ದು ಗಣಪತಿ. ಒಬ್ಬ ಹುಡುಗ ಆಟಕ್ಕೆ ಗೋಡೆಯ ಮೇಲೆ ಬರೆದ ಗಣಪತಿ ದಿನದಿನಕ್ಕೆ ಬೆಳೆಯಿತು ಅನ್ನುತ್ತಾರೆ. ಟಿಪ್ಪು ಕೆಡವಲು ಬಂದವನು ಬಾವಿಯ ನೀರು ಕುಡಿದು ಮನಸ್ಸು ಬದಲಾಯಿಸಿದ, ಸೈನಿಕರ ಸಮಾಧಾನಕ್ಕೆ ಕತ್ತಿಯಲ್ಲಿ ಒಂದು ಗೀರು ಹಾಕಿ ಹೋದ ಅನ್ನುವುದೂ ಊರವರ ಕಾಲಂಗೇ ಸೇರಿದ್ದು. ಗುರುತು ತೋರಿಸಿ, ಕತೆ ಹೇಳಿ, ವಾದಕ್ಕಿಳಿಯಬೇಡಿ.

ಮಳೆಗಾಲದ ಎಚ್ಚರಿಕೆ: ಜೋರು ಮಳೆಗೆ ಮಧುವಾಹಿನಿ ಉಕ್ಕಿ ದೇವಸ್ಥಾನದ ಅಂಗಳಕ್ಕೇ ನೀರು ಬರುವುದುಂಟು. ಹೊಳೆ ಕೆಂಪಗೆ ದಡ ಮುಟ್ಟಿ ಹರಿಯುತ್ತಿದ್ದರೆ ವಾಹನವನ್ನು ಎತ್ತರದಲ್ಲೇ ನಿಲ್ಲಿಸಿ.

ಹಂತ 4: ನಡೆ ಮುಚ್ಚಿದ ಹೊತ್ತು

ಹನ್ನೆರಡೂವರೆಯಿಂದ ಸಂಜೆ ಐದು–ಐದೂವರೆವರೆಗೆ ದೇವಸ್ಥಾನಗಳು ನಿಮ್ಮ ಪಾಲಿಗಿಲ್ಲ. ಅದರಲ್ಲಿ ಮೊದಲ ಒಂದೆರಡು ಗಂಟೆ ಕೋಟೆಯೂ ಬೇಡ, ಏಕೆಂದರೆ ಮುರಕಲ್ಲು ಬಿಸಿ ಕಾರುತ್ತದೆ, ನೆರಳಿಲ್ಲ. ಕಾಸರಗೋಡು ಪೇಟೆಗೆ ಬಂದು ಊಟ ಮಾಡಿ, ತಳಂಗರೆಯ ಮಾಲಿಕ್ ದೀನಾರ್ ಮಸೀದಿಗೆ ಹೋಗಿ. ಹಿಜರಿ 22ರಲ್ಲಿ ಸ್ಥಾಪನೆಯಾಯಿತು ಅನ್ನುವುದು ಅಲ್ಲಿನ ಪರಂಪರೆ. ತಲೆಗೆ ಬಟ್ಟೆ ಇರಲಿ, ಹೆಂಗಸರು ಎಲ್ಲಿಯವರೆಗೆ ಹೋಗಬಹುದು ಅಂತ ಕಚೇರಿಯಲ್ಲಿ ಕೇಳಿ. ಶುಕ್ರವಾರ ಮಧ್ಯಾಹ್ನ ಮಾತ್ರ ಈ ಕಡೆ ಬರಬೇಡಿ.

ಹಂತ 5: ಸಂಜೆ – ಚಂದ್ರಗಿರಿ, ಬೇಕಲ, ತ್ರಿಕ್ಕಣ್ಣಾಡು

ಇಲ್ಲಿ ದಾರಿ ತಪ್ಪುವವರೇ ಜಾಸ್ತಿ. ಫೋನಿನ ನಕ್ಷೆ ಕೆಲವೊಮ್ಮೆ ಚೆರ್ಕಳ, ಪೊಯಿನಾಚಿ ಮೂಲಕ ಹೆದ್ದಾರಿಯಲ್ಲಿ ಕಳಿಸುತ್ತದೆ. ನಿಮಗೆ ಬೇಕಾದದ್ದು ಕರಾವಳಿ ರಸ್ತೆ: ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ, ಮೇಲ್ಪರಂಬ, ಉದುಮ, ಬೇಕಲ. ಹೆಚ್ಚೆಂದರೆ ಹದಿನೇಳು ಕಿಲೋಮೀಟರ್. ಡ್ರೈವರಿಗೆ "ಸೇತುವೆ ದಾಟಿ ಹೋಗಬೇಕು" ಅಂತ ಬಾಯಲ್ಲಿ ಹೇಳಿ.

ಎರಡೂವರೆಗೆ ಚಂದ್ರಗಿರಿ ಕೋಟೆ. ಚಿಕ್ಕದು, ಅರ್ಧ ಗಂಟೆ ಸಾಕು. ಬುರುಜಿನ ಮೇಲೆ ನಿಂತು ಹೊಳೆ ತೋರಿಸಿ. ಹಿಂದಿನಿಂದಲೂ ತುಳುನಾಡಿನ ತೆಂಕಣ ಗಡಿ ಅಂತ ಲೆಕ್ಕ ಹಾಕುತ್ತಿದ್ದದ್ದು ಇದೇ ಹೊಳೆಯನ್ನು. ಇನ್ನು ಮುಂದೆ ಆಟೋದವರ ಜೊತೆ ತುಳು ಅಷ್ಟಾಗಿ ನಡೆಯುವುದಿಲ್ಲ, ನಾಲ್ಕು ಮಾತು ಮಲಯಾಳ ಬರುವವರು ಗುಂಪಿನಲ್ಲಿ ಒಬ್ಬರಾದರೂ ಇರಲಿ.

ಮೂರೂಮುಕ್ಕಾಲಿಗೆ ಬೇಕಲದ ಗೇಟಿನಲ್ಲಿರಿ. ಐದೂವರೆ ಸುಮಾರಿಗೆ ಸೀಟಿ ಊದಿ ಹೊರಗೆ ಕಳಿಸುತ್ತಾರೆ, ಟಿಕೆಟ್ ಕೊಡುವುದು ಅದಕ್ಕೂ ಮೊದಲೇ ನಿಲ್ಲುತ್ತದೆ. ಕೋಟೆಯೊಳಗಿಂದ ಸೂರ್ಯಾಸ್ತ ನೋಡುತ್ತೇವೆ ಅಂತ ಬಂದವರಿಗೆ ಅದು ಸಿಗುವುದಿಲ್ಲ. ಡ್ರೋನ್ ಹಾರಿಸುವ ಯೋಚನೆ ಬಿಟ್ಟುಬಿಡಿ.

ಸುಮಾರು 40 ಎಕರೆ ಜಾಗ. ಸುತ್ತುವ ಕ್ರಮ ಹೀಗಿರಲಿ: ಪ್ರವೇಶದ ಬಳಿಯ ಮುಖ್ಯಪ್ರಾಣ ಗುಡಿ, ಒಳಗೆ ಮೆಟ್ಟಿಲುಗಳಿರುವ ಕೆರೆ, ಸಿಡಿಮದ್ದಿನ ಮನೆ, ನಡುವಿನ ವೀಕ್ಷಣಾ ಗೋಪುರ, ಕೊನೆಗೆ ಕಡಲಿನ ಬದಿಯ ಬುರುಜು. ಹೆಚ್ಚಿನವರು ಸೀದಾ ಕಡಲಿಗೆ ಓಡಿ, ಫೋಟೋ ತೆಗೆದು, ಸುಸ್ತಾಗಿ ಉಳಿದದ್ದನ್ನು ಬಿಡುತ್ತಾರೆ. ಕಡಲನ್ನು ಕೊನೆಗಿಟ್ಟರೆ ಉಳಿದದ್ದೂ ನೋಡಿ ಆಗುತ್ತದೆ.

ಇಲ್ಲಿ ಅರಮನೆ ಇರಲಿಲ್ಲ. ಇಡೀ ಕೋಟೆ ಯುದ್ಧಕ್ಕೇ ಕಟ್ಟಿದ್ದು. ಅದನ್ನು ಮಾತಿನಲ್ಲಿ ಹೇಳುವ ಬದಲು ಹೊರಗೋಡೆಯ ಕಿಂಡಿಗಳ ಹತ್ತಿರ ಎಲ್ಲರನ್ನೂ ನಿಲ್ಲಿಸಿ, ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡಲು ಹೇಳಿ. ಮೇಲಿನ ಕಿಂಡಿಯಲ್ಲಿ ಕಾಣುವುದು ದೂರ. ಅದರ ಕೆಳಗಿನದರಲ್ಲಿ ಇನ್ನಷ್ಟು ಹತ್ತಿರ. ಎಲ್ಲಕ್ಕಿಂತ ಕೆಳಗಿನದರಲ್ಲಿ ಗೋಡೆಯ ಬುಡದಲ್ಲೇ ನಿಂತವನು. ದೂರದ ಹಡಗಿಗೊಂದು, ದಡ ಹತ್ತಿದವನಿಗೊಂದು, ಗೋಡೆಗೆ ಏಣಿ ಇಟ್ಟವನಿಗೊಂದು. ಶಿವಪ್ಪ ನಾಯಕನ ಶಿಲ್ಪಿಗಳ ಲೆಕ್ಕಾಚಾರ ಅರ್ಥವಾಗಲು ಇದಕ್ಕಿಂತ ಒಳ್ಳೆ ಪಾಠ ಇಲ್ಲ. ನನ್ನ ಕೇಳಿದರೆ ಇಡೀ ಪ್ರವಾಸದಲ್ಲಿ ಗೈಡ್ ಅನ್ನುವವನು ಬೇಕೇಬೇಕಾದದ್ದು ಈ ಹತ್ತು ನಿಮಿಷಕ್ಕೆ.

ಪಾಚಿ ಹಿಡಿದ ಮುರಕಲ್ಲು ಕಪ್ಪಗೆ ಕಾಣುತ್ತದೆ, ಒಣಗಿದಂತೆಯೇ ಇರುತ್ತದೆ, ಕಾಲಿಟ್ಟರೆ ಜಾರುತ್ತದೆ. ಗೋಡೆಯಂಚಿಗೆ ಹಿಂದೆ ಹಿಂದೆ ಹೋಗುತ್ತಾ ಸೆಲ್ಫಿ ತೆಗೆಯುವವರ ಮೇಲೆ ಒಂದು ಕಣ್ಣಿರಲಿ.

ಐದೂಕಾಲಿಗೆ ಹೊರಬಿದ್ದು ಕರಾವಳಿ ರಸ್ತೆಯಲ್ಲೇ ಸ್ವಲ್ಪ ಉತ್ತರಕ್ಕೆ ಬಂದರೆ ತ್ರಿಕ್ಕಣ್ಣಾಡು ತ್ರ್ಯಂಬಕೇಶ್ವರ. ಬೆಳಕಿರುವಾಗಲೇ ಮೊದಲು ಕಡಲಿನ ಕಡೆ ನೋಡಿ. ದೂರದಲ್ಲಿ ನೀರಿನಿಂದ ಎದ್ದ ಬಂಡೆ ಪಾಂಡ್ಯನ್ ಕಲ್ಲು. ದೇವಸ್ಥಾನದ ಮೇಲೆ ದಾಳಿಗೆ ಬಂದ ಪಾಂಡ್ಯರ ಹಡಗನ್ನು ಶಿವ ಕಲ್ಲಾಗಿಸಿದ ಅನ್ನುವ ಕತೆ. ಕತ್ತಲಾದ ಮೇಲೆ ಬಂದರೆ ಕತೆ ಮಾತ್ರ ಸಿಗುತ್ತದೆ, ಕಲ್ಲು ಕಾಣುವುದಿಲ್ಲ. ಸೂರ್ಯಾಸ್ತವನ್ನೂ ಇಲ್ಲೇ ನೋಡಿ, ಆಮೇಲೆ ದೀಪಾರಾಧನೆಗೆ ಒಳಗೆ ಹೋಗಿ. ಕಡಲ್ಕೊರೆತದ ಜಾಗ ಇದು, ಅಲೆಯ ಅಂಚಿಗೆ ಮಕ್ಕಳನ್ನು ಬಿಡಬೇಡಿ.

ಹಂತ 6: ರಾತ್ರಿ

ತಂಗಲು ಬೇಕಲ ಅಥವಾ ಕಾಞಂಗಾಡು. ಕಾಞಂಗಾಡಿನ ಆನಂದಾಶ್ರಮ 1931ರಿಂದ ಇದೆ, ಮೊದಲೇ ತಿಳಿಸಿದರೆ ತಂಗಲು ಅವಕಾಶವೂ ಉಂಟು. ಆದರೆ ರಾತ್ರಿ ಮೂರಕ್ಕೆ ಎದ್ದು ಗದ್ದಲ ಮಾಡುವ ಗುಂಪನ್ನು ಅಲ್ಲಿಗೆ ಕರೆದೊಯ್ಯುವುದು ಸರಿಯಲ್ಲ.

ಎಂಟಕ್ಕೆ ಊಟ, ಒಂಬತ್ತಕ್ಕೆ ಮಲಗಿಸಿ. ಎಷ್ಟು ಹೇಳಿದರೂ ಜನ ಕೇಳದ ಹಂತ ಇದು. ಸಂಜೆ ಏಳಕ್ಕೆ ಕಾವಿಗೆ, ಅಂದರೆ ತೆಯ್ಯಂ ನಡೆಯುವ ದೈವಸ್ಥಾನಕ್ಕೆ, ಹೋದರೆ ಸಿಗುವುದು ತೋಟ್ಟಂ: ಚಿಕ್ಕ ವೇಷ, ಚೆಂಡೆ, ದೈವದ ಕತೆ ಹೇಳುವ ಹಾಡು. ಭಾಷೆ ಬಾರದವರು ಇಷ್ಟೇನಾ ಅಂದುಕೊಂಡು ಎದ್ದುಬಿಡುತ್ತಾರೆ. ತಲೆಯ ಮೇಲೆ ದೊಡ್ಡ ಮುಡಿ ಏರುವುದು ಎಷ್ಟೋ ಕಡೆ ಮೂರು–ನಾಲ್ಕರ ಮೇಲೆ. ವಿಷ್ಣುಮೂರ್ತಿಯ ಒತ್ತೆಕೋಲವಾದರೆ ಮೇಲೇರಿಗೆ, ಅಂದರೆ ಕೆಂಡದ ರಾಶಿಗೆ, ದೈವ ಬೀಳುವುದು ಬೆಳಕು ಹರಿಯುವ ಹೊತ್ತಿಗೆ. ಎರಡೂವರೆಗೆ ಎಬ್ಬಿಸಿ, ಕಪ್ಪು ಚಹಾ ಕುಡಿಸಿ ಹೊರಡಿಸಿ.

ವಿಷ್ಣುಮೂರ್ತಿಯ ಕತೆ ದಾರಿಯಲ್ಲಿ ಹೇಳಬಹುದು. ನೀಲೇಶ್ವರದ ಪಾಲಂತಾಯಿ ಕಣ್ಣನ್ ಅನ್ನುವ ಹುಡುಗ ಮಾವಿನಹಣ್ಣಿನ ಜಗಳಕ್ಕೆ ಒಡೆಯನಿಗೆ ಹೆದರಿ ಮಂಗಳೂರು ಕಡೆಗೆ ಓಡಿದ. ವರ್ಷಗಳ ನಂತರ ದೈವದ ಭಕ್ತನಾಗಿ ಊರಿಗೆ ಬಂದ. ಕೆರೆಯಲ್ಲಿ ಮೀಯುತ್ತಿದ್ದವನನ್ನು ಆ ಒಡೆಯ ಕಡಿದು ಹಾಕಿದ. ಆಮೇಲೆ ದೈವ ಆ ಮನೆಯನ್ನು ಸುಮ್ಮನೆ ಬಿಡಲಿಲ್ಲ. ಇಷ್ಟು ಗೊತ್ತಿದ್ದವರು ಕೆಂಡದ ಎದುರು ನಿಂತಾಗ ಬೇರೆ ರೀತಿಯಲ್ಲೇ ನೋಡುತ್ತಾರೆ.

ಕಾವಿನಲ್ಲಿ ಪಾಲಿಸಬೇಕಾದ್ದು: ಚಪ್ಪಲಿ ಹೊರಗೆ. ಫ್ಲ್ಯಾಶ್ ಬೇಡವೇ ಬೇಡ. ವೇಷ ಕಟ್ಟುವ ಜಾಗಕ್ಕೆ ಕೇಳದೆ ಇಣುಕಬೇಡಿ. ಫೋಟೋ ತೆಗೆಯಬಹುದಾ ಅಂತ ಸಮಿತಿಯವರಲ್ಲಿ ಒಮ್ಮೆ ಕೇಳಿ, ಬೇಡ ಅಂದರೆ ಫೋನು ಜೇಬಿಗೆ. ದೈವ ಓಡಾಡುವ ದಾರಿಗೆ ಅಡ್ಡ ಕೂರಬೇಡಿ. ಚೆಂಡೆಯ ಪೆಟ್ಟು ಒಮ್ಮೆಲೇ ಚುರುಕಾಗಿ, ಸೂಟೆ (ಪಂಜು) ಹಿಡಿದವರು ಬದಿಗೆ ಸರಿಯತೊಡಗಿದರೆ ನೀವೂ ಎರಡು ಹೆಜ್ಜೆ ಹಿಂದಕ್ಕೆ ಸರಿಯಿರಿ. ದೈವ ಈಗ ಓಡಿ ಬರುತ್ತದೆ ಅಂತ ಅರ್ಥ. ಮೇಲೇರಿ ಕಡೆಯಿಂದ ಗಾಳಿ ಬೀಸಿ ಬರುವ ಬದಿಯಲ್ಲಿ ನಿಲ್ಲಬೇಡಿ, ಕಿಡಿ ಸಿಂಥೆಟಿಕ್ ಬಟ್ಟೆಗೆ ಬಿದ್ದರೆ ತೂತು. ಕೊನೆಗೆ ಅರಸಿನ ಪುಡಿ ಪ್ರಸಾದ ತೆಗೆದುಕೊಳ್ಳುವಾಗ ಕಾಣಿಕೆಗೆ ಚಿಲ್ಲರೆ ಕೈಯಲ್ಲಿರಲಿ, ದೈವದ ಎದುರು ನಿಂತು ಪರ್ಸು ತಡಕಾಡುವುದು ಚಂದವಲ್ಲ.

ಹಂತ 7: ಎರಡನೇ ದಿನ – ಕಡಿಮೆ ಮಾಡಿ

ರೂಮಿಗೆ ಬಂದು ಸ್ನಾನ, ತಿಂಡಿ, ಒಂದೆರಡು ಗಂಟೆ ನಿದ್ದೆ. ಆಮೇಲೆ ಕಾಞಂಗಾಡಿನ ಹೊಸದುರ್ಗದ ನಿತ್ಯಾನಂದಾಶ್ರಮ. ಮುರಕಲ್ಲು ಕೊರೆದು ಮಾಡಿದ ಗುಹೆಗಳು ಅಲ್ಲಿವೆ. ತಲೆ ಬಗ್ಗಿಸಿ ಹೋಗಬೇಕು, ಒಳಗೆ ಕತ್ತಲು. ಉಸಿರುಕಟ್ಟುವ ಭಯ ಇರುವವರನ್ನು ಹೊರಗೇ ಕೂರಿಸಿ. ಟಾರ್ಚು ಇದ್ದವರು ಮುಂದೊಬ್ಬರು, ಹಿಂದೊಬ್ಬರು.

ಹಿಂದಿರುಗುವ ದಾರಿಯಲ್ಲಿ ಕುಂಬಳೆ ಹೊಳೆಯ ಬದಿಯ ಆರಿಕ್ಕಾಡಿ ಕೋಟೆ, ಮಂಜೇಶ್ವರದ ಜೈನ ಬಸದಿ, ಗೋವಿಂದ ಪೈಗಳ ಮನೆ "ಗಿಳಿವಿಂಡು", ಈ ಮೂರರಲ್ಲಿ ಒಂದನ್ನು ಆರಿಸಿ. ಕನ್ನಡದವರಿಗೆ ನಾನು ಹೇಳುವುದು ಗಿಳಿವಿಂಡು. ಹೋಗುವ ಮೊದಲು ತೆರೆದಿದೆಯಾ ಅಂತ ಕೇಳಿಕೊಳ್ಳಿ.

ಹಂತ 8: ಏನಾದರೂ ಕೈಕೊಟ್ಟರೆ

ಬೆಳಗ್ಗೆ ಒಂದು ಗಂಟೆ ತಡವಾದರೆ ಮಧ್ಯಾಹ್ನದ ಚಂದ್ರಗಿರಿ ಕೋಟೆ ಬಿಡಿ. ಎರಡು ಗಂಟೆ ತಡವಾದರೆ ಮಧೂರನ್ನು ಎರಡನೇ ದಿನಕ್ಕೆ ಹಾಕಿ. ಹನ್ನೆರಡರ ಒಳಗೆ ಮುಟ್ಟುವ ಹಾಗಿದ್ದರೆ ಮಾತ್ರ, ಆಗ ಮಂಜೇಶ್ವರ ಬಿಡಬೇಕು. ಬೇಕಲ ಮತ್ತು ರಾತ್ರಿಯ ನಿದ್ದೆ, ಇವೆರಡನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ.

ಡ್ರೈವರ್ ವಿಷಯ ಎಲ್ಲರೂ ಮರೆಯುತ್ತಾರೆ. ಅವನನ್ನು ಕಳಿಯಾಟಕ್ಕೆ ಎಬ್ಬಿಸಬೇಡಿ. ರಾತ್ರಿಗೆ ಊರಿನ ಎರಡು ಆಟೋ ಅಥವಾ ಜೀಪು ಹೇಳಿ, ಹೋಗಿ ಬರುವ ಬಾಡಿಗೆ ಮತ್ತು ಕಾಯುವ ದುಡ್ಡು ಸಂಜೆಯೇ ಮಾತಾಡಿ ಮುಗಿಸಿ. ಡ್ರೈವರಿಗೆ ಗುಂಪಿನ ಗಲಾಟೆ ಇಲ್ಲದ ಬೇರೆ ರೂಮು ಕೊಡಿ. ಮರುದಿನ ಮಧ್ಯಾಹ್ನ ಊಟವಾದ ಮೇಲೆ ವ್ಯಾನಿನಲ್ಲಿ ಎಲ್ಲರೂ ಗೊರಕೆ ಹೊಡೆಯುವಾಗ ಮುಂದಿನ ಸೀಟಿನಲ್ಲಿ ಎಚ್ಚರವಿರುವ ಒಬ್ಬರು ಕೂತು ಅವನ ಜೊತೆ ಮಾತಾಡುತ್ತಿರಲಿ. ಅವನು ಪದೇ ಪದೇ ಕಿಟಕಿ ಇಳಿಸಿ ಮುಖ ಹೊರಗೆ ಹಾಕುತ್ತಿದ್ದರೆ ವ್ಯಾನನ್ನು ಸರ್ವಿಸ್ ರೋಡಿಗೆ ಇಳಿಸಲು ಹೇಳಿ, ಅರ್ಧ ಗಂಟೆ ಮಲಗಿಸಿ. ತಲಪಾಡಿ ದಾಟುವುದು ಎಷ್ಟು ಹೊತ್ತಾದರೂ ಪರವಾಗಿಲ್ಲ, ಆ ಬದಿಯಲ್ಲಿ ಮುಚ್ಚುವ ಬಾಗಿಲು ಯಾವುದೂ ನಿಮಗಿಲ್ಲ.